ಪೆಟ್ಟಿಗೆ ಇಲ್ಲದ ಸ್ಪೀಕರ್

ನನ್ನ ಅಣ್ಣ ಬಾಗಿಲು ಮಾಡುವ ಬಡಗಿ. ಅವನು ಕೂರಿಸಿದ ಬಾಗಿಲು ಕಿರ್ ಅನ್ನುವುದಿಲ್ಲ, ಅವನೂ ಅನ್ನುವುದಿಲ್ಲ. ಅವನಂಥ ಒಳ್ಳೆಯವನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ.

ತನ್ನ ಪಾಡಿಗೆ ಬಾಗಿಲು ಮಾಡಿಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಸದ್ದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡುತ್ತಿದ್ದೇನೆ. ಅಪ್ಪ ಇರುವುದು ಅಣ್ಣನ ಮನೆಯಲ್ಲಿ. ಅವರಿಗೆ ಕಿವಿ ಮಂದ. ಆದರೂ ಪ್ರತಿ ಭಾನುವಾರ ಮಹಡಿ ಮೇಲಿನ ನನ್ನ ಅಂಗಡಿಗೆ ಬಂದು, ದೊಡ್ಡ ಸ್ಪೀಕರಿಗೆ ಅಂಗೈ ಒತ್ತಿಕೊಂಡು ಹಳೆಯ ಹಾಡು ಕೇಳುತ್ತಿದ್ದರು. ಅಣ್ಣನಿಗೆ ಅಪ್ಪ ವಾರವೆಲ್ಲ ಇದ್ದರು, ನನಗಿದ್ದದ್ದು ಆ ಭಾನುವಾರ ಒಂದೇ.

ಅದಕ್ಕೂ ಅವನು ಕೈ ಹಾಕಿದ. ಅಪ್ಪನಿಗೆ ಮೆಟ್ಟಿಲು ಹತ್ತಲು ಕಷ್ಟ, ಮನೆಯಲ್ಲೇ ಕೇಳಲಿ ಎಂದು ದಪ್ಪ ಸದ್ದು ಹೊರಡಿಸುವ ಸ್ಪೀಕರ್, ಸಬ್‌ವೂಫರ್ ಕಟ್ಟತೊಡಗಿದ. ಅದೂ ಪೆಟ್ಟಿಗೆಯೇ ಇಲ್ಲದ್ದು! ಬಾಗಿಲಿನಷ್ಟು ದಪ್ಪದ ಹಲಗೆ, ಅದರಲ್ಲಿ ಎರಡು ದುಂಡನೆಯ ತೂತು, ಎರಡು ವೂಫರ್, ಹಿಂದೆ ಬಯಲು. ಒಂದು ವೂಫರಿನ ಮುಖ ಮುಂದಕ್ಕೆ. ಇನ್ನೊಂದನ್ನು ಬೆನ್ನಿನ ಅಯಸ್ಕಾಂತ ನಮ್ಮ ಕಡೆ ಬರುವಂತೆ ತಿರುಗಿಸಿ ಕೂರಿಸಿದ್ದ. ಹಾಗೆ ಮಾಡಿದರೆ ಸದ್ದು ಶುದ್ಧವಾಗುತ್ತದೆಂದು ಎಲ್ಲೋ ಓದಿದ್ದನಂತೆ. ಓದಿದ್ದು ಸರಿಯಾಗಿಯೇ ಇತ್ತು. ನುಣ್ಣಗೆ ಉಜ್ಜಿದ ಆ ಹಲಗೆಯ ಅಂಚನ್ನು ಸವರಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಶನಿವಾರ ನನ್ನನ್ನು ಕರೆದು ವೈರಿಂಗ್ ನೋಡು ಎಂದ. ತಪ್ಪು ಕೂಡಲೇ ಕಂಡಿತು. ತಿರುಗಿಸಿ ಕೂರಿಸಿದ ವೂಫರಿಗೆ ವೈರುಗಳೂ ಅದಲುಬದಲಾಗಬೇಕು. ಅಣ್ಣ ಎರಡಕ್ಕೂ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಶಿಸ್ತಾಗಿ ಜೋಡಿಸಿದ್ದ. ಹೀಗಾದರೆ ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ದಪ್ಪ ಸದ್ದೆಲ್ಲ ಅಲ್ಲೇ ಸಾಯುತ್ತದೆ.

"ಸರಿಯಾಗಿದ್ಯೇನೋ?"

"ಸರಿಯಾಗಿದೆ ಅಣ್ಣ," ಎಂದೆ.

ಭಾನುವಾರ ಅಪ್ಪ ಕುರ್ಚಿ ಎಳೆದುಕೊಂಡು ಹಲಗೆಯ ಮುಂದೆ ಕೂತರು. ಹಾಡು ಶುರುವಾಯಿತು, ಆದರೆ ಬುಡವೇ ಇಲ್ಲದ ಹಾಡು. ಅಪ್ಪ ಹಲಗೆಗೆ ಅಂಗೈ ಇಟ್ಟರು, ತೆಗೆದರು. ಚೆನ್ನಾಗಿದೆ ಎಂದು ಅಣ್ಣನಿಗೆ ಹೇಳಿ, ಮೆಲ್ಲಗೆ ನನ್ನ ಕಡೆ ತಿರುಗಿ ನಿನ್ನ ಅಂಗಡಿಗೇ ಹೋಗೋಣವೇ ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ವೈರನ್ನು ಇನ್ನೊಂದು ಸಲ ನೋಡಬಾರದೇ ಎಂದು ಅತ್ತಿಗೆ ಕೇಳಿದರು.

"ತಮ್ಮ ನೋಡಿದಾನಲ್ಲ, ಇನ್ನೇನು ನೋಡೋದು? ತಪ್ಪು ನನ್ನ ಹಲಗೇದೇ," ಎಂದು ಅಣ್ಣ ಗರಗಸ ತಂದ.

ಎರಡು ತಿಂಗಳ ಕೆಲಸ. ಗರಗಸದ ಹಲ್ಲು ಆ ಅಂಚಿಗೆ ತಾಗಿದಾಗ ನನಗೆ ತಡೆಯಲಾಗಲಿಲ್ಲ. ತಾಳು ಎಂದು ತಿರುಗಿಸಿ ಕೂರಿಸಿದ ವೂಫರಿನ ವೈರುಗಳನ್ನು ಅದಲುಬದಲು ಮಾಡಿ ಹಾಡು ಮತ್ತೆ ಹಾಕಿದೆ. ಮೇಜಿನ ಮೇಲಿದ್ದ ಲೋಟ ನಡುಗಿತು. ಅಪ್ಪ ಮತ್ತೆ ಅಂಗೈ ಇಟ್ಟವರು ಹಾಡು ಮುಗಿಯುವ ತನಕ ತೆಗೆಯಲಿಲ್ಲ.

ನಿನ್ನೆ ಯಾಕೆ ಹೇಳಲಿಲ್ಲ ಎಂದು ಅಣ್ಣ ಈಗ ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ ಎಂದು ತಲೆ ತಗ್ಗಿಸಿ ಕಾದೆ. ಅವನು ಅಪ್ಪನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದ:

"ಅಪ್ಪ, ಇದನ್ನ ಮಾತಾಡಿಸಿದ್ದು ನಾನಲ್ಲ, ಇವನು."

ಅಪ್ಪ ಇನ್ನೊಂದು ಕೈಯನ್ನು ನನ್ನ ಬೆನ್ನಿನ ಮೇಲಿಟ್ಟರು. ಅಣ್ಣ ನಗುತ್ತಿದ್ದ. ಅವನಿಗೆ ಅನುಮಾನ ಪಡಲೂ ಬರುವುದಿಲ್ಲ. ಅದನ್ನು ಕಂಡು ನನ್ನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.