ವಿಳಾಸ ಕಾಯುವ ಗಂಡ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವುದನ್ನು ಯಾರೂ ವಲಸೆ ಎನ್ನುವುದಿಲ್ಲ. ಬಸ್ಸಿನಲ್ಲಿ ಕೂತು ಅಕ್ಕನೊಡನೆ ಫೋನಿನಲ್ಲಿ ಮಾತು ಮುಗಿಸುವುದರೊಳಗೆ ಊರು ಬಂದಿರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ದೊಡ್ಡ ರಾದ್ಧಾಂತವಾಯಿತು. ಏಕೆಂದರೆ ಆಗ ನಾವು ಕೆನಡಾಕ್ಕೆ ಹೋಗುವವರಾಗಿದ್ದೆವು. ಅಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿ ವರ್ಷ ಕಳೆದಿತ್ತು. ಅರ್ಜಿ ನನ್ನದು. ಲ್ಯಾಬ್ ಟೆಕ್ನಿಷಿಯನ್ ಆದ ನನ್ನ ಓದು, ನನ್ನ ಅನುಭವ, ನಾನು ಬರೆದ ಇಂಗ್ಲಿಷ್ ಪರೀಕ್ಷೆ. ಗಂಡ ಜೊತೆಯಲ್ಲಿ ಬರುವ ಲಗೇಜು. ಆದರೂ ನೆಂಟರ ಬಾಯಲ್ಲಿ ಕೆನಡಾಕ್ಕೆ ಹೊರಟವನು ಅವನೇ, ನಾನು ಹಿಂದೆ ಹೋಗುವವಳು.

ಆ ಹೊತ್ತಿನಲ್ಲಿ ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ಲ್ಯಾಬಿನ ಪೂರ್ತಿ ಜವಾಬ್ದಾರಿ ನನಗೆ ಸಿಕ್ಕಿತು. ಕಂಡಕಂಡವರ ಕೈಕೆಳಗೆ ದುಡಿದು ಸಾಕಾಗಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು. ಬೆಳಕು ಹರಿಯುವಾಗಲೇ ರಕ್ತ ತೆಗೆಯುವುದು ಶುರುವಾಗುವುದರಿಂದ ಅಲ್ಲೇ ಮನೆ ಮಾಡಬೇಕಿತ್ತು.

"ಅಡ್ರೆಸ್ ಬಿಟ್ಟು ಹೋಗ್ತೀಯಾ ಮಾರಾಯ್ತಿ? ಅವ್ರು ವಿಚಾರಿಸಕ್ಕೆ ಬಂದಾಗ ಯಾರೂ ಇಲ್ದಿದ್ರೆ?" ಎಂದರು ಅತ್ತೆ.

ಅವರು ಎಂದರೆ ಕೆನಡಾದವರು. ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯ ಬೀದಿಗೆ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸುತ್ತಾರಲ್ಲ, ಅತ್ತೆಯ ಲೆಕ್ಕದಲ್ಲಿ ಇದೂ ಹಾಗೆಯೇ. ಪಾಸ್‌ಪೋರ್ಟಿಗೇ ಪೊಲೀಸರು ಬಂದಿದ್ದರು, ಇಷ್ಟು ದೊಡ್ಡ ಸಂಬಂಧಕ್ಕೆ ಬಾರದಿರುತ್ತಾರೆಯೇ? ಹಾಗಾಗಿ, ಚರಂಡಿ ಜಗಳದಿಂದ ಮಾತು ಬಿಟ್ಟಿದ್ದ ಎದುರುಮನೆಯಾಕೆಗೆ ಹೋಳಿಗೆ ಹೋಗತೊಡಗಿತು. ಆಕೆಗೂ ತನ್ನ ಬೆಲೆ ಗೊತ್ತಾಯಿತು. ತುಪ್ಪ ಕಮ್ಮಿಯಾಯಿತು ಎಂದು ಹೇಳಿ ಕಳಿಸುವಷ್ಟು ಕೊಬ್ಬು ಬಂದಿತ್ತು.

ಇವರಿಗೆಲ್ಲ ಗುರು ನಮ್ಮ ವೀಸಾ ಕನ್ಸಲ್ಟೆಂಟ್. ದುರ್ಗಿಗುಡಿಯ ಮಹಡಿಯೊಂದರಲ್ಲಿ ಮೇಜಿನ ಮೇಲೆ ಕೆನಡಾದ ಕೆಂಪು ಎಲೆಯ ಬಾವುಟ ಇಟ್ಟುಕೊಂಡು ಕೂತಿದ್ದ. ಅವನು ವಿಮಾನವನ್ನು ಹತ್ತಿರದಿಂದ ನೋಡಿದ್ದನೋ ಇಲ್ಲವೋ, ನನಗೆ ಅನುಮಾನ.

"ಫೈಲ್ ಓಡ್ತಾ ಇದೆ ಮೇಡಂ. ಈಗ ಅಲ್ಲಾಡಿಸ್ಬೇಡಿ" ಎಂದ.

ವಿಳಾಸ ಬದಲಾದರೆ ತಿಳಿಸಿದರೆ ಸಾಕು ಎಂದು ಆ ದೇಶದ ವೆಬ್‌ಸೈಟಿನಲ್ಲೇ ಇತ್ತು. ಫೋನ್ ತೆಗೆದು ತೋರಿಸಿದೆ. ಅವನು ಕಣ್ಣೆತ್ತಿಯೂ ನೋಡಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಗಂಡ, "ಅವ್ರಿಗೆ ಎಕ್ಸ್‌ಪೀರಿಯನ್ಸ್ ಇದೆ ಕಣೆ" ಎಂದು ನನಗೇ ಬುದ್ಧಿ ಹೇಳಿದ.

ನಾನು ಭದ್ರಾವತಿಯ ಕಾಗದನಗರದ ಹತ್ತಿರ ಬಾಡಿಗೆ ಮನೆ ಹಿಡಿದು, ಆ ವೆಬ್‌ಸೈಟಿನಲ್ಲಿ ನನ್ನ ಹೊಸ ವಿಳಾಸ ತಿಳಿಸಿ ಹೊರಟೆ. ಗಂಡ ಬರಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಬೈಕ್ ಶೋರೂಮಿಗೆ ಭದ್ರಾವತಿಯಿಂದ ದಿನಾ ಓಡಾಡುವವರಿದ್ದರು. ಇವನಿಗೆ ಮಾತ್ರ ವಿಳಾಸ ಕಾಯುವ ಕೆಲಸವಿತ್ತು. ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯಲ್ಲಿ ಕೂರುತ್ತಿದ್ದ, ಬರುವ ಅಧಿಕಾರಿಗೆ ಮನೆಯ ಯಜಮಾನ ಕಾಣಬೇಕೆಂದು.

"ಭಾನುವಾರ ಒಳ್ಳೆ ಸೀರೆ ಉಟ್ಕೊಂಡು ಒಂದ್ಸಲ ಬಂದ್ಹೋಗು. ಬೀದಿಯವ್ರಿಗೆ ಕಾಣ್ಲಿ" ಎನ್ನುತ್ತಿದ್ದ.

ಕೆಲವು ಭಾನುವಾರ ಹೋದೆ. ಆಮೇಲೆ ಬಿಟ್ಟೆ. ಸಿಟ್ಟೇನೂ ಇರಲಿಲ್ಲ, ಹೇಸಿಗೆಯಿತ್ತು. ಊರು ಬಿಟ್ಟು ಸಮುದ್ರ ದಾಟಲು ಹೊರಟವನಿಗೆ ಹೆಂಡತಿಯ ಜೊತೆ ಪಕ್ಕದ ಊರಿಗೆ ಬರಲು ಧೈರ್ಯವಿಲ್ಲ. ಆದರೂ ಶನಿವಾರ ರಾತ್ರಿ ಬಂದಾನು ಎಂದು ಅಕ್ಕಿ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದೆ. ಅದಕ್ಕಾಗಿ ನನ್ನ ಮೇಲೂ ತಾತ್ಸಾರ ಹುಟ್ಟುತ್ತಿತ್ತು.

ವಿಚಾರಿಸಲು ಯಾರೂ ಬರಲಿಲ್ಲ. ಒಂದು ಇಮೇಲ್ ಬಂತು, ನನಗೆ. ಅರ್ಜಿ ತೀರ್ಮಾನಿಸುವ ಮೊದಲು ಅವರು ಕೇಳಿದ್ದು ಒಂದೇ ಮಾತು: ನೀವು ಮತ್ತು ನಿಮ್ಮ ಗಂಡ ಈಗ ಒಂದೇ ಮನೆಯಲ್ಲಿ ವಾಸಿಸುತ್ತಿದ್ದೀರಾ?

ಲ್ಯಾಬಿನಲ್ಲೇ ನಿಂತು ಅವನಿಗೆ ಫೋನ್ ಮಾಡಿದೆ. ಓದಿ ಹೇಳಿದೆ. "ಇವತ್ತೇ ಬಟ್ಟೆ ತಗೊಂಡು ಇಲ್ಲಿಗೆ ಬಂದ್ಬಿಡು. ಹೌದು ಅಂತ ಬರೀತೀನಿ" ಎಂದೆ. ಬೇಡಿಕೊಂಡೆ ಎಂದರೂ ತಪ್ಪಿಲ್ಲ.



"ತಡಿ, ಅರ್ಜೆಂಟ್ ಮಾಡ್ಬೇಡ. ಬರ್ಬೋದಾ ಬೇಡ್ವಾ ಅಂತ ಕನ್ಸಲ್ಟೆಂಟ್‌ನ ಕೇಳಿ ಹೇಳ್ತೀನಿ" ಎಂದ.

ಅವನು ತಿರುಗಿ ಫೋನ್ ಮಾಡುವ ಮೊದಲೇ, ಕೆನಡಾದವರಿಗೆ ಇಲ್ಲ ಎಂದು ಬರೆದು ಕಳಿಸಿಬಿಟ್ಟೆ.