ಮಡಚುಚಾಕಿನ ಗುರುತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತೆ, ಅಷ್ಟೇ ಸಲ ಎದ್ದೆ. ಅಪ್ಪ ಇರುವವರೆಗೆ ಬೇಡ ಅಂದುಕೊಂಡೆ, ಅಪ್ಪ ಹೋದ. ಅವ್ವ ನೊಂದುಕೊಂಡಾಳು ಅಂದೆ, ಅವ್ವನೂ ಹೋದಳು. ಈಗ ಮುಂದೂಡಲು ನೆಪವೇ ಉಳಿದಿಲ್ಲ. ಹೋದ ತಿಂಗಳು ಹೊನ್ನಾಳಿಯಲ್ಲಿ ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಪಂಪ್‌ಸೆಟ್ ರಿಪೇರಿ ಮಾಡುವ ಮೊಮ್ಮಗ ಹೊಸದೊಂದು ಮಡಚುವ ಚಾಕು ತರಿಸಿಕೊಂಡಿದ್ದ. "ಅಜ್ಜಾ, ಭಾರಿ ಸ್ಟೀಲು ಇದು. ದಿನಾ ವೈರ್ ಸುಲಿದ್ರೂ ಮೊಂಡಾಗಲ್ಲ," ಎಂದು ಹೆಬ್ಬೆರಳಿನಿಂದ ಅಲಗನ್ನು ತಳ್ಳಿದ. ಅದು ಟಕ್ಕೆಂದು ಕೂತಿತು. ಆ ಸದ್ದಿಗೆ ನಾನು ಕಟ್ಟೆಯಿಂದ ಎದ್ದುಬಿಟ್ಟೆ.

ಅಪ್ಪನ ಚಾಕು ತೆರೆದಾಗಲೂ ಹಾಗೆಯೇ ಸದ್ದು ಬರುತ್ತಿತ್ತು. ಜಗಳೂರಿನ ಆಚೆ ನಮ್ಮದು ಮಣ್ಣಿನ ಮಾಳಿಗೆ ಮನೆ. ಮುಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪ. ಒಳಗೆ ಕಾಲಿಟ್ಟರೆ ಉಣ್ಣೆ, ಹಿಕ್ಕೆ, ಶೇಂಗಾ ಹೊಟ್ಟು ಎಲ್ಲ ಕಲೆತ ಬೆಚ್ಚನೆಯ ವಾಸನೆ. ಮಿಲಿಟರಿಯಿಂದ ಬಂದ ಸೋದರಮಾವ ಆ ಚಾಕನ್ನು ಅಪ್ಪನಿಗೆ ಕೊಟ್ಟಿದ್ದ. ಕೊಂಬಿನ ಹಿಡಿ, ಎರಡು ಹಿತ್ತಾಳೆ ಮೊಳೆ. ಸಂತೆಯ ಚಾಕುಗಳು ಆರು ತಿಂಗಳಿಗೆ ಲೊಡಲೊಡ ಅನ್ನುತ್ತಿದ್ದವು. ಇದು ಎಷ್ಟು ವರ್ಷವಾದರೂ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಮಾವಾಸ್ಯೆಗೊಮ್ಮೆ ಅಪ್ಪ ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಅದನ್ನು ಮಸೆಯುತ್ತಿದ್ದ. ಕೀಲಿಗೆ ಒಂದೇ ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಮುಂಗೈ ಮೇಲಿನ ರೋಮ ಬೋಳಿಸಿ ಹರಿತ ನೋಡುತ್ತಿದ್ದ. ಈರುಳ್ಳಿ ಹೆಚ್ಚುವುದು, ಶೇಂಗಾ ಚೀಲದ ಹೊಲಿಗೆ ಬಿಚ್ಚುವುದು, ನನ್ನ ಪೆನ್ಸಿಲ್ ಚೂಪು ಮಾಡುವುದು, ಎಲ್ಲವೂ ಅದರಿಂದಲೇ. ಮರಿಗೆ ತಿಂಗಳು ತುಂಬಿದಾಗ ಎಡಗಿವಿಯ ತುದಿಯನ್ನು ಮೀನಿನ ಬಾಲದ ಹಾಗೆ ಸೀಳುವುದೂ ಅದರಿಂದಲೇ. ಅದು ನಮ್ಮ ಮನೆಯ ಗುರುತು. ಬೇರೆಯವರ ಕುರಿಯ ಕಿವಿ ಹರಿದು ಗಂಟುಗಂಟಾಗುತ್ತಿತ್ತು; ನಮ್ಮದರ ಅಂಚು ನೂಲು ಹಿಡಿದ ಹಾಗಿರುತ್ತಿತ್ತು. ನಾನು ಮುಟ್ಟಲು ಹೋದರೆ ಅಪ್ಪ, "ಕೈ ಮುರಿತೀನಿ," ಅನ್ನುತ್ತಿದ್ದ. ಅದು ಬರೀ ಮಾತಲ್ಲ ಎಂದು ನನಗೆ ಗೊತ್ತಿತ್ತು.

ಆ ಚಾಕನ್ನು ಹಿಡಿಯಲು ಅಪ್ಪ ಬಿಡುತ್ತಿದ್ದುದು ಒಬ್ಬಳಿಗೇ, ನಮ್ಮ ಕುರಿ ಕಾಯುತ್ತಿದ್ದ ಅಕ್ಕನಿಗೆ. ಸ್ವಂತ ಅಕ್ಕನಲ್ಲ; ಗಂಡ ಸತ್ತ ಮೇಲೆ ನಮ್ಮಲ್ಲಿಗೆ ಕೆಲಸಕ್ಕೆ ಬಂದವಳು. ಊಟ, ಸೀರೆ, ವರ್ಷಕ್ಕೆರಡು ಹೆಣ್ಣುಮರಿ ಅವಳ ಸಂಬಳ. ಅವಳ ಮರಿಗಳ ಕಿವಿ ಕೊಯ್ಯುತ್ತಿರಲಿಲ್ಲ. ಇಡೀ ಕಿವಿ ಅಂದರೆ ಅಕ್ಕನದು. ಆಗ ಅವಳವು ನಾಲ್ಕಾಗಿದ್ದವು. "ಇವು ಈದ್ರೆ ತಂಗಿ ಊರಾಗ ನಂದೇ ಒಂದು ರೊಪ್ಪ ಹಾಕ್ಕಂತೀನಿ. ಆಮೇಲೆ ಯಾರ ಮನಿ ಮುದ್ದೆನೂ ಬ್ಯಾಡ," ಎಂದು ನಗುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ನ್ಯಾಮತಿಯಲ್ಲಿದ್ದ ಚಿಕ್ಕಪ್ಪನಿಗೆ ಕಾಯಿಲೆಯಾಗಿ ಅಪ್ಪ ಇಪ್ಪತ್ತು ದಿನ ಅಲ್ಲೇ ಉಳಿದ. ಮಳೆಗೆ ಕುರಿಗಳ ಗೊರಸು ಕೊಳೆಯುತ್ತಿದ್ದವು. ಕೆರೆದು ಕತ್ತರಿಸಲೆಂದು ಚಾಕನ್ನು ಅಕ್ಕನಿಗೆ ಒಪ್ಪಿಸಿ ಹೋದ. ಮಗ ನಾನಿರುವಾಗ! ಹೊಟ್ಟೆ ಉರಿದುಹೋಯಿತು. ಅವಳು ನೀರಿಗೆ ಹೋದ ಒಂದು ಮಧ್ಯಾಹ್ನ ಕಂಬಳಿ ಗಂಟಿನಿಂದ ಚಾಕು ತೆಗೆದೆ. ಗುರುತು ಹಾಕಿ ನೋಡಬೇಕೆನಿಸಿತು. ನಮ್ಮ ಮರಿಗಳ ಕಿವಿ ಆಗಲೇ ಸೀಳಿಯಾಗಿತ್ತು. ಇಡೀ ಕಿವಿ ಇದ್ದುದು ಅವಳವಕ್ಕೆ ಮಾತ್ರ. ಒಂದನ್ನು ತೊಡೆಸಂದಿಯಲ್ಲಿ ಹಿಡಿದು ಕೊಯ್ದೆ. ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಪ್ಪನೇ ಕೊಯ್ದ ಹಾಗಿತ್ತು.

ಸಂಜೆ ಅಕ್ಕ ಗಾಯಕ್ಕೆ ಅರಿಶಿನ ಹಚ್ಚುತ್ತ ನನ್ನನ್ನು ಕರೆದಳು. ಬೈಯಲಿಲ್ಲ. "ಆಗಿದ್ದು ಆತು ಅಪ್ಪಿ. ಯಜಮಾನ್ರು ಬಂದಾಗ ನಾನೇ ಕೊಯ್ದೆ ಅಂತ ನಿನ್ನ ಬಾಯಾಗೇ ಹೇಳ್ಬೇಕು ನೋಡು," ಅಂದಳು. ಹೇಳ್ತೀನಕ್ಕ ಅಂದೆ. ಅದೇ ವಾರ ತೋಳವೊಂದು ನಮ್ಮ ಸೀಳುಗಿವಿಯ ಮರಿಯೊಂದನ್ನು ಹೊತ್ತೊಯ್ದಿತು.

ಅಪ್ಪ ಬಂದವನೇ ರೊಪ್ಪಕ್ಕೆ ಹೋಗಿ ಎಣಿಸಿದ. ಸೀಳುಗಿವಿಯ ಮರಿಗಳ ಲೆಕ್ಕ ಸರಿಯಿತ್ತು; ಇಡೀ ಕಿವಿಯವು ಮೂರೇ ಇದ್ದವು. ತೋಳ ಒಯ್ದದ್ದು ನಿಮ್ಮದು, ಸೀಳುಗಿವಿಯದರಲ್ಲಿ ಒಂದು ನನ್ನದು ಎಂದು ಅಕ್ಕ ಹೇಳಿದಳು. ಅಪ್ಪ ಆ ಮರಿಯ ಆಗಲೇ ಮಾಯ್ದಿದ್ದ ಕಿವಿಯನ್ನು ಬೆರಳಲ್ಲಿ ಸವರಿದ. "ಇದು ನನ್ನ ಚಾಕಿಂದು. ಚಾಕು ಇದ್ದಿದ್ದು ನಿನ್ನತ್ರ. ತನ್ನ ಮರಿಗೆ ನನ್ನ ಗುರುತು ತಾನೇ ಹಾಕ್ಕಂಬೋ ಹುಚ್ಚಿ ಎಲ್ಲೈತೆ? ತೋಳ ತಿಂದಿದ್ದು ನಿಂದು," ಅಂದ.

"ಅಪ್ಪಿನ ಕೇಳ್ರಿ ಯಜಮಾನ್ರೇ," ಅಂದಳು ಅಕ್ಕ, ನನ್ನ ಕಡೆ ನೋಡಿ. ಆ ನೋಟದಲ್ಲಿ ಅನುಮಾನವೇ ಇರಲಿಲ್ಲ.

"ಚಾಕು ಮುಟ್ಟಿದ್ಯೇನಲೇ?"

ಇಲ್ಲ ಎಂದಷ್ಟೇ ಹೇಳಿದ್ದರೆ ಅದೊಂದು ಹೆದರಿಕೆಯ ಸುಳ್ಳಾಗುತ್ತಿತ್ತು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. "ಇಲ್ಲಪ್ಪ. ನಾನೇ ಕೊಯ್ದೆ ಅಂತ ಹೇಳು ಅಂದಿದ್ಲು ಅಕ್ಕ," ಅಂದೆ. ಅವಳು ಹಾಗೆ ಅಂದಿದ್ದು ನಿಜವೇ ತಾನೆ.

ಅಪ್ಪ ಚಾಕು ಕೇಳಿದ. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲಕ್ಕಿಡುವ ಪದ್ಧತಿ ಮರೆತು ಅಕ್ಕ ನೇರವಾಗಿ ಅವನ ಕೈಗೇ ನೀಡಿದಳು. "ಕೆಳಗಿಡೇ! ಕಳ್ಳಿ ಕೈಯಿಂದ ಇಸ್ಕಂಡು ಜಗಳ ಹಚ್ಕಳ್ಲಾ?" ಎಂದು ಗದರಿದ. ನೆಲಕ್ಕಿಟ್ಟಳು. ಅದನ್ನೆತ್ತಿಕೊಂಡು ಅವಳ ಉಳಿದ ಮೂರು ಮರಿಗಳನ್ನೂ ಎಳೆಸಿದ. "ಹಿಡ್ಕಳಲೇ ತಲೆನ," ಅಂದ ನನಗೆ. ಹಿಡಿದುಕೊಂಡೆ. ಒಂದೊಂದಾಗಿ ಮೂರರ ಕಿವಿಗೂ ನಮ್ಮ ಗುರುತು ಬಿತ್ತು. ಅಲಗು ಎಷ್ಟು ಹರಿತವಾಗಿತ್ತೆಂದರೆ ಮರಿಗಳು ಕೂಗಲೇ ಇಲ್ಲ; ಬಿಟ್ಟ ಮೇಲೆ ತಲೆ ಕೊಡವಿದವು, ಅಕ್ಕನ ಸೀರೆಯ ಮೇಲೆ ರಕ್ತ ಹನಿಹನಿಯಾಗಿ ಸಿಡಿಯಿತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಂದು ರಾತ್ರಿ ನನಗೆ ತುಪ್ಪ ಬಡಿಸಿದಳು, ನಾನು ಉಂಡೆ.

ಅಕ್ಕ ಕಂಬಳಿಯೊಂದನ್ನೇ ಹೆಗಲಿಗೆ ಹಾಕಿಕೊಂಡು ಹೋದಳು. ನಾನು ದೊಡ್ಡವನಾಗಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಒಮ್ಮೆ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಬಸವಾಪಟ್ಟಣದ ಕಡೆ ಕೂಲಿಗೆ ಹೋಗುವ ಹೆಂಗಸರ ಜೊತೆ ನಿಂತಿದ್ದಳು. ಗುರುತು ಹಿಡಿದಳು. "ಚೆಂದಾಗಿದೀಯೇನಪ್ಪಿ?" ಅಂದಳು. ಅಷ್ಟೇ. ನಾನು ಬಸ್ಸು ಬಂತೆಂದು ಸುಳ್ಳು ಹೇಳಿ ಜನರೊಳಗೆ ನುಸುಳಿದೆ. ಅಂದು ಎರಡು ಮಾತು ಸಾಕಿತ್ತು.

ಈಗ ಆ ರೊಪ್ಪವಿಲ್ಲ, ಮಾಳಿಗೆ ಮನೆ ಬಿದ್ದು ಮಣ್ಣಾಗಿದೆ. ಅವಳೂ ತೀರಿಕೊಂಡು ವರ್ಷಗಳಾದವೆಂದು ಯಾರೋ ಹೇಳಿದರು. ನಮ್ಮ ಮನೆಯಲ್ಲಿ ಕಳ್ಳಿ ಎಂದೇ ಉಳಿದುಹೋದ ಅವಳು ಒಂದು ಮರಿಯನ್ನೂ ಕದ್ದವಳಲ್ಲ. ಅವಳ ಹೆಸರು ದುರುಗವ್ವ.