ಮಾಸ್ಕಿಗೊಂದು ಕಾಜಾ

ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನ ಪೊಲೀಸ್ ಪೇದೆಗೆ ಎಲ್ಲರೂ ಸೀಟಿ ಮಾವ ಎನ್ನುತ್ತಿದ್ದರು. ಅವನ ಸೀಟಿಗಿದ್ದ ಗತ್ತೇ ಬೇರೆ. ಉದ್ದನೆಯದೊಂದು ಊದಿದರೆ ನಿಲ್ಲು, ಗಿಡ್ಡನೆಯವೆರಡು ಊದಿದರೆ ಹೊರಡು. ಇವಲ್ಲದೆ ಎಳೆದೆಳೆದು ಊದುವ ಕೊಂಕು ಸೀಟಿಯೊಂದಿತ್ತು. ಎಲ್ಲೋ ನೋಡಿಕೊಂಡು ರಸ್ತೆಗಿಳಿಯುವವರಿಗೆ ಅದು ಮೀಸಲು. ಅದನ್ನು ಕೇಳಿದವರು ಬೈಸಿಕೊಂಡವರಂತೆ ತಲೆ ತಗ್ಗಿಸಿ ಹಿಂದೆ ಸರಿಯುತ್ತಿದ್ದರು.

ಹೊಗೆ ವಿಪರೀತವಾದಾಗ ಇಲಾಖೆ ದಪ್ಪನೆಯ ಮಾಸ್ಕ್ ಕೊಟ್ಟಿತು. ಮಾಸ್ಕ್ ಹಾಕಿಕೊಂಡು ಸೀಟಿ ಊದುವುದು ಹೇಗೆ ಎಂದು ಮೇಲಿನವರಿಗೆ ಹೊಳೆಯಲಿಲ್ಲ, ಮಾವನಿಗೆ ಹೊಳೆಯಿತು. ಅವನ ಹೆಂಡತಿ ಹೊಲಿಗೆಯವಳು. ಬಟ್ಟೆ ಹರಿದರೂ ಗುಂಡಿ ತೂರಿಸಲು ಅವಳು ಹಾಕಿದ ಕಾಜಾ ಹರಿಯುವುದಿಲ್ಲ ಎಂಬ ಹೆಸರಿತ್ತು. ತುಟಿಯ ನೇರಕ್ಕೆ, ಸೀಟಿ ತೂರುವ ಅಳತೆಗೆ, ಮಾಸ್ಕಿಗೂ ಒಂದು ಕಾಜಾ ಹಾಕಿಕೊಟ್ಟಳು. ಅಂಚಿಗೆ ನೀಲಿ ದಾರ ಬೇರೆ. ತಮ್ಮ ಬುದ್ಧಿಗೆ ತಾವೇ ಬೆನ್ನು ತಟ್ಟಿಕೊಂಡು ಇಬ್ಬರೂ ವರ್ಷಗಳನ್ನು ಕಳೆದರು.

ಆಮೇಲೆ ಮಾವನಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳತೊಡಗಿತು. ಹೆಂಡತಿ ದರದರ ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಬಿ.ಪಿ. ಏರಿತ್ತು.

"ಬೀಡಿ, ಸಿಗರೇಟು?" ಎಂದು ಕೇಳಿದಳು ವೈದ್ಯೆ.

"ಮೂಸಿಯೂ ನೋಡಿಲ್ಲ ಡಾಕ್ಟ್ರೇ."

"ಬೇರೆ ಕಾರಣಾನೂ ಇರಬಹುದು. ಆದ್ರೆ ಆ ಹೊಗೆ ಸುಮ್ನೆ ಬಿಟ್ಟಿರಲ್ಲ. ಅದರಲ್ಲಿರೋ ಸಣ್ಣ ಕಣಗಳು ಶ್ವಾಸಕೋಶದಲ್ಲೇ ನಿಲ್ಲಲ್ಲ, ರಕ್ತಕ್ಕೂ ಇಳೀತವೆ. ವರ್ಷಗಟ್ಟಲೆ ಹಾಗಾದ್ರೆ ರಕ್ತನಾಳದ ಒಳಮೈ ಕೆರಳುತ್ತೆ, ಗೋಡೆ ಬಿಗಿಯಾಗುತ್ತೆ. ನಿಮ್ಮದು ಆಗಲೇ ಬಿಗಿದಿದೆ. ಮಾಸ್ಕ್ ಹಾಕ್ತೀರಿ ತಾನೆ?"

ಮಾವ ಜೇಬಿನಿಂದ ಮಾಸ್ಕ್ ತೆಗೆದು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ವೈದ್ಯೆ ಕಾಜಾದೊಳಗೆ ಬೆರಳು ತೂರಿಸಿ, ಆ ಬೆರಳನ್ನೇ ನೋಡುತ್ತ ಕೂತಳು.

"ಹೊಲಿಗೆ ಚೆನ್ನಾಗಿದೆ," ಎಂದಳು ಕೊನೆಗೆ.

ಹೆಂಡತಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮನೆಗೆ ಬಂದವಳೇ ಹಟ ಹಿಡಿದಳು.

"ಸ್ಟೇಷನ್ನಿನ ಕ್ಯಾಮೆರಾ ರೂಮಿಗೆ ಹಾಕಿ ಅಂತ ನಾಳೇನೇ ಕೇಳ್ರಿ."

"ಕೂತು ಟೀವಿ ನೋಡೋಕೆ ನಾನೇನು ನಿಮ್ಮಮ್ಮನಾ? ನಾನಿಲ್ಲದಿದ್ರೆ ಆ ಸರ್ಕಲ್ಲು ಎಕ್ಕುಟ್ಟಿಹೋಗುತ್ತೆ."

"ಸರ್ಕಲ್ಲಿಗೆ ಇನ್ನೊಬ್ರು ಸಿಕ್ತಾರೆ. ನಂಗೆ ಸಿಗಲ್ಲ," ಎಂದು ಅವಳು ಗಳಗಳನೆ ಅತ್ತಳು. ತನ್ನ ಕೈಯಾರೆ ಹೊಗೆಗೆ ಬಾಗಿಲು ತೆಗೆದುಕೊಟ್ಟೆನಲ್ಲ ಎಂಬ ಸಂಕಟ ಅವಳದು. ಮಾವ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಮರುದಿನ ಅವನ ಪಾಳಿ ಮುಗಿಯುವ ಹೊತ್ತಿಗೆ ಹೊಸದಾಗಿ ಸೇರಿದ ಮಹಿಳಾ ಪೇದೆ ಬಂದಳು. "ಮಾವ, ಅತ್ತೆಗೆ ಥ್ಯಾಂಕ್ಸ್ ಹೇಳಿ. ಮೊನ್ನೆ ನನ್ನ ಮಾಸ್ಕಿಗೂ ಹಾಕಿಕೊಟ್ರು," ಎಂದು ಮುಖ ಮುಂದೆ ಚಾಚಿದಳು. ಅದೇ ಕಾಜಾ, ಅದೇ ನೀಲಿ ದಾರ. ಮಾವ ಆಚೆ ಬದಿಯ ಪೇದೆಗಳನ್ನು ನೋಡಿದ. ಅವರ ಮಾಸ್ಕುಗಳಲ್ಲೂ ನೀಲಿ ದಾರ. ಎಲ್ಲರಿಗೂ ಈ ಉಪಾಯ ಕಲಿಸಿದವನು ತಾನೇ. ಈ ಹುಡುಗಿಯ ರಕ್ತನಾಳ ಇನ್ನೂ ಮೆತ್ತಗಿರಬೇಕು ಎಂದುಕೊಂಡ.

ಅಲ್ಲಿಂದ ನೇರ ಸಾಹೇಬರ ಕೋಣೆಗೆ ನಡೆದ. "ಕ್ಯಾಮೆರಾ ರೂಮಿಗೆ ಹೋಗ್ತೀನಿ ಸಾರ್. ಸರ್ಕಲ್ಲಲ್ಲಿ ಮೈಕ್ ಇದೆಯಲ್ಲ, ಎಲ್ಲರ ಸೀಟಿನೂ ನಾನೇ ಅಲ್ಲಿಂದ ಊದ್ತೀನಿ. ಇವರಿಗೆಲ್ಲ ತೂತಿಲ್ಲದ ಮಾಸ್ಕ್ ಕೊಡಿಸಿ."

ಸಾಹೇಬರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಊದಿ ತೋರಿಸಿ ಎಂದು ವೈದ್ಯೆಯೂ ಪರೀಕ್ಷೆ ಮಾಡಿ, ಮಾತ್ರೆ ತಪ್ಪಿಸದಿದ್ದರೆ ಅಡ್ಡಿಯಿಲ್ಲ ಎಂದಳು.

ಹೊಸ ಮಾಸ್ಕ್ ಬಂದ ದಿನ ಹೆಂಡತಿ ಹಳೆಯವನ್ನೆಲ್ಲ ವಾಪಸು ಕೇಳಿ ತರಲು ಚೀಲ ಹಿಡಿದು ಹೊರಟಳು. ಒಂದೂ ಉಳಿಯಕೂಡದು, ಎಲ್ಲವನ್ನೂ ತಾನೇ ಕತ್ತರಿಸಬೇಕು ಎಂಬುದೊಂದೇ ಅವಳ ತಲೆಯಲ್ಲಿ. ಸಿಗ್ನಲ್ ನೋಡದೆ ರಸ್ತೆಗಿಳಿದಳು.

ತಲೆಯ ಮೇಲಿನ ಮೈಕಿನಿಂದ ಎಳೆದೆಳೆದು ಬಂತು ಕೊಂಕು ಸೀಟಿ.

ಸರ್ಕಲ್ಲೆಲ್ಲ ಅವಳತ್ತ ತಿರುಗಿತು. ಅವಳು ಅಲ್ಲೇ ನಿಂತು, ಸೀಟಿ ಎಷ್ಟು ಹೊತ್ತು ಎಳೆಯುತ್ತದೆಂದು ಕಿವಿಗೊಟ್ಟಳು. ಉಸಿರು ಎಲ್ಲೂ ತುಂಡಾಗಲಿಲ್ಲ. ಕಣ್ಣು ಒರೆಸಿಕೊಂಡು, ಕ್ಯಾಮೆರಾ ಕಂಬದ ಕಡೆಗೆ ಒಮ್ಮೆ ಮೂತಿ ತಿರುವಿ, ಹಿಂದೆ ಸರಿದಳು.